ಹಲಸಿನ ಗಿಟಾರಿಗೆ ನಾನು ಹಾಕಿದ ಪಿಕಪ್

ಕೆಟ್ಟಿದ್ದು ರೂಪಕ್ಕನ ಕೈಯಲ್ಲ. ಕೆಡಿಸಿದ್ದು ನಾನು, ಅವಳ ಗಿಟಾರನ್ನು. ಕೆಡಿಸಿ, ವರ್ಷವಿಡೀ ಸುಮ್ಮನಿದ್ದೆ. ಹುಣಸೂರಿನ ಅರ್ಧ ಜನರನ್ನು ಅಣಕಿಸಿ ಬೈಸಿಕೊಂಡ ಈ ಬಾಯಿ, ತೆರೆಯಬೇಕಾದ ಒಂದು ವಿಷಯಕ್ಕೆ ಮಾತ್ರ ಬೀಗ ಹಾಕಿಕೊಂಡಿತ್ತು.

ನಮ್ಮದು ಮದುವೆಗಳಲ್ಲಿ ಹಾಡುವ ಆರ್ಕೆಸ್ಟ್ರಾ. ನಾನು ಮಿಮಿಕ್ರಿ, ಜೊತೆಗೆ ವೈರು-ಮೈಕುಗಳ ರಿಪೇರಿ. ರೂಪಕ್ಕ ಲೀಡ್ ಗಿಟಾರ್. ಪಿರಿಯಾಪಟ್ಟಣದಲ್ಲಿ ಮರಗೆಲಸ ಮಾಡುವ ಅವಳ ಸೋದರಮಾವ ಹಲಸಿನ ಹಲಗೆಯಲ್ಲಿ ಮಾಡಿಕೊಟ್ಟ ವಾದ್ಯ ಅದು. ಹುಟ್ಟಿನಿಂದಲೇ ದಪ್ಪ ದನಿ.

ಸ್ಕೂಟರಿನಿಂದ ಬಿದ್ದು ಅವಳ ಮಣಿಕಟ್ಟು ಮುರಿದಾಗ ಗಿಟಾರ್ ನನ್ನ ಬಳಿ ಉಳಿಯಿತು. ತಂತಿಗಳ ಕೆಳಗೆ ಕೂತು ಅವುಗಳ ನಡುಕವನ್ನು ಆಂಪ್ಲಿಫೈಯರಿಗೆ ದಾಟಿಸುವ ಪಿಕಪ್ ನನಗೆ ಬಡಕಲು ಅನ್ನಿಸಿತು. ಅಕ್ಕ ಬೆರಗಾಗಲಿ ಎಂದು ಅದನ್ನು ಕಿತ್ತೆಸೆದು, ಅಬ್ಬರದ ಇನ್ನೊಂದನ್ನು ಕೂರಿಸಿ, ಹಳೆಯ ಮುಚ್ಚಳವನ್ನೇ ಮುಚ್ಚಿದೆ. ಚಪ್ಪಾಳೆ ಬಿದ್ದ ಮೇಲೆ ಹೇಳೋಣ ಎಂದುಕೊಂಡಿದ್ದೆ — ಎಂಥ ಜಾಣ!

ಆಪರೇಶನ್ ಆಗಿ ಕೈ ಕೂಡಿದ ಮೇಲೆ ಅವಳು ಒಂದು ಮದುವೆಯಲ್ಲಿ ಅದನ್ನು ನುಡಿಸಿದಳು. ಚಪ್ಪಾಳೆ ಬೀಳಲಿಲ್ಲ. ದಪ್ಪ ಮರಕ್ಕೆ ದಪ್ಪ ಪಿಕಪ್ — ಸ್ವರಕ್ಕೆ ಸ್ವರ ಅಂಟಿಕೊಂಡು, ಬಾಯ್ತುಂಬ ಮುದ್ದೆ ಇಟ್ಟುಕೊಂಡು ಹಾಡಿದ ಹಾಗಿತ್ತು. ರೂಪಕ್ಕ ತನ್ನ ಬೆರಳುಗಳನ್ನೇ ನೋಡಿಕೊಂಡಳು. ನಾನು ಮೈಕ್ ಹಿಡಿದು ಆ ಸದ್ದನ್ನು ಅಣಕಿಸಿದೆ. ಜನ ನಕ್ಕರು. ಅವಳೂ ನಕ್ಕಳು... ಆಮೇಲೆ ಗಿಟಾರನ್ನು ನಮ್ಮ ರಿಹರ್ಸಲ್ ರೂಮಿನಲ್ಲೇ ಬಿಟ್ಟು, ಕೋರಸ್ ಹಾಡುವವರ ಜೊತೆ ಹೋಗಿ ನಿಂತಳು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ —

ಹೋದ ತಿಂಗಳು ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನಲ್ಲಿ ಬಸ್ಸಿಗೆ ಕಾಯುವಾಗ ಅವಳೇ ಅಂದಳು: "ಮೈಸೂರ್ಗೋಗಿ ಕೈನ ಇನ್ನೊಂದ್ಸಲ ಆಪರೇಶನ್ ಮಾಡುಸ್ಬುಡ್ತೀನಿ ಕಣ್ಲಾ. ಬೆರಳು ಸರ್ಯಾಗಿ ಏಳ್ತಾನೇ ಇಲ್ಲ."

ನೆಟ್ಟಗಿರುವ ಕೈಗೆ ಚಾಕು! ಆಗಲೂ ನಾಲಿಗೆ ಹೊರಳಲಿಲ್ಲ. "ಸ್ವಲ್ಪ ದಿನ ತಡಿ ಅಕ್ಕ" ಅಂದೆ, ಅಷ್ಟೇ.

ರೂಮಿಗೆ ಹೋಗಿ, ವೈರು ಚುಚ್ಚದೆ ಗಿಟಾರ್ ಮೀಟಿದೆ. ಮರಕ್ಕೆ ಕಿವಿ ಒತ್ತಿ ಕೇಳಿದೆ — ಮೊದಲ ಸಲ. ಆ ದನಿಯನ್ನು ಬಾಯಲ್ಲಿ ಹಿಡಿಯಲು ನೋಡಿದೆ, ಸುಲಭಕ್ಕೆ ಸಿಗಲಿಲ್ಲ. ಸಿಕ್ಕಾಗ ಗೊತ್ತಾಯಿತು, ಇದಕ್ಕೆ ದಪ್ಪ ಸೇರಿಸುವುದಲ್ಲ, ಇದ್ದದ್ದನ್ನು ಬಿಡಿಸಿ ಹೇಳುವ ತೆಳು ಪಿಕಪ್ ಬೇಕು. ಹಳೆಯ ಗಿಟಾರುಗಳಿಂದ ಕಿತ್ತ ಪಿಕಪ್ಪುಗಳನ್ನು ಒಂದೊಂದಾಗಿ ಹಾಕಿ ನೋಡಿದೆ. ಕೊನೆಗೊಂದು, ಮರ ಆಡಿದ್ದನ್ನೇ ಆಡಿತು.

ರೂಪಕ್ಕನನ್ನು ಕರೆಸಿ, ಗಿಟಾರ್ ಕೈಗಿಟ್ಟೆ. ಮೀಟಿದಳು. ಸ್ವರಗಳು ಬಿಡಿಬಿಡಿಯಾಗಿ ಎದ್ದವು. ಅವಳು ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುವಾಗ ಎಲ್ಲ ಹೇಳಿಬಿಟ್ಟೆ.

"ಇದ್ಯಾರ ಮಿಮಿಕ್ರಿ ಲಾ?"

"ನಂದೇ ದನಿ ಅಕ್ಕ."

ಅವಳು ಮತ್ತೆ ತಂತಿ ಮೀಟತೊಡಗಿದಳು. ನನಗೆ ಅಳು ಬಂತು — ನಾಟಕದ್ದಲ್ಲ. ಕ್ಷಮಿಸು ಎಂದೆ. ಅವಳು ತಂತಿಯಿಂದ ಕಣ್ಣೆತ್ತಲಿಲ್ಲ.

"ಕ್ಷಮ್ಸೋದೆಲ್ಲ ಆಮೇಲ್ ನೋಡಾನ ಕಣ್ಲಾ. ಅಳಂಗಿದ್ರೆ ಆಚ್ಗೋಗಿ ಅಳು — ನಂಗೆ ನನ್ ಗಿಟಾರ್ ಕೇಳ್ಬೇಕು."