ಕೊಸರು ಹಾಕೋ ಕೈ

ನಮ್ಮ ನಾದಿನಿ ಮಹಾನಂದಾನಂಥಾ ಹಟಮಾರಿ ಇಡೀ ಬೈಲಹೊಂಗಲದಾಗ ಇನ್ನೊಬ್ಬಾಕಿ ಸಿಗೂದಿಲ್ಲ. ನಾ ಲಗ್ನಾ ಆಗಿ ಈ ಮನಿಗೆ ಬಂದಾಗ ಆಕಿ ಎಂಟನೇತ್ತಾ ಓದತಿದ್ಲು. ಸಾಲಿ ಬಿಟ್ಟ ಕೂಡಲೆ ನಮ್ಮ ಮಾವ ಬಸವಣ್ಣೆಪ್ಪನವರ ಕಿರಾಣಿ ಅಂಗಡ್ಯಾಗ ಕುಂತು ಬ್ಯಾಳಿ, ಸಕ್ಕರಿ ತೂಗೂದ ಆಕಿ ಕೆಲಸ. ತಕ್ಕಡಿ ಮುಳ್ಳು ನಟ್ಟನಡುವ ನಿಂತ್ರೂ ಬಿಡಂಗಿಲ್ಲ, ಮ್ಯಾಲೊಂದು ಚಿಟಿಕಿ ಕೊಸರು ಹಾಕಬೇಕು, ಗಿರಾಕಿ ಕಡೆ ತಕ್ಕಡಿ ವಾಲಬೇಕು. ಹಾಕದಿದ್ರ ಮಾವ ಬೈತಿದ್ರು, "ಜುಗ್ಗರ ಹಂಗ ತೂಗಬ್ಯಾಡ, ಮನಿತನದ ಹೆಸರು ಕೆಡತೈತಿ!"

ಅದ ಹುಡುಗಿ ಎಂ.ಎಸ್ಸಿ. ಮುಗಿಸಿ, ೨೦೦೦ದಾಗ ಧಾರವಾಡದ ಒಂದು ಲ್ಯಾಬಿನಾಗ ಪಿಎಚ್.ಡಿ. ಮಾಡಾಕ ಸೇರಿದ್ಲು. ದಿನಾ ಬಸ್ಸಿನಾಗ ಹೋಗೂದು ಬರೂದು. "ಅಲ್ಲೇನ ಮಾಡ್ತೀಯವಾ?" ಅಂತ ಕೇಳಿದ್ರ, "ಚರ್ಮಾ ಹಬ್ಬಾಕ ಹಂದರಾ ಹಾಕ್ತೇನ್ರಿ ವೈನಿ" ಅಂದ್ಲು. ನಾ ಬಿದ್ದು ಬಿದ್ದು ನಕ್ಕೆ.

ಆದ್ರ ಮಾತು ಖರೇನ ಇತ್ತು. ಪ್ಲಾಸ್ಟಿಕ್ಕಿನಂಥಾ ಎರಡು ಪುಡಿ ಕೂಡಿಸಿ, ಒಳಗೆಲ್ಲಾ ಸಣ್ಣ ತೂತಿರೂ ಸ್ಪಂಜು ಮಾಡೂದು. ಒಂದು ಪುಡಿ ನೀರು ಕುಡೀತೈತಿ, ಇನ್ನೊಂದು ನೀರು ಅಂದ್ರ ಒಲ್ಲೆ ಅಂತೈತಿ. ಎರಡರ ಪ್ರಮಾಣ ಹೆಚ್ಚುಕಡಿಮಿ ಮಾಡಿದ್ರ ಸ್ಪಂಜು ಎಷ್ಟು ನೀರು ಹೀರಬೇಕು ಅನ್ನೂದು ನಮ್ಮ ಕೈಯಾಗ ಇರತೈತಿ. ಸುಟ್ಟ ಗಾಯದ ಮ್ಯಾಲ ಅದನ್ನ ಇಟ್ರ, ಮೈಯ ಜೀವಕೋಶ ಅದರೊಳಗ ಬೆಳೆದು ಹೊಸ ಚರ್ಮಾ ಆಗಬೇಕು, ಸ್ಪಂಜು ತಾನ ಕರಗಿ ಹೋಗಬೇಕು. ಯವ್ವಾ, ಎಂಥಾ ಕೆಲಸ!

ಎರಡು ವರ್ಷ ಆದ್ರೂ ಕೆಲಸ ಕೂಡಲಿಲ್ಲ. ದಿನಾ ಅದ ಅಳತಿ, ಅದ ಪುಡಿ. ಆದ್ರ ಸೋಮವಾರ ಮಾಡಿದ ಸ್ಪಂಜು ತನ್ನ ತೂಕದ ಮೂರು ಪಟ್ಟು ನೀರು ಕುಡಿದ್ರ, ಗುರುವಾರದ್ದು ನಾಕು ಪಟ್ಟು. "ಮಾರ್ಚ್ ಒಳಗ ಸರಿ ಬರಲಿಲ್ಲಂದ್ರ ನಿನ್ನ ಜಾಗಾ ಬ್ಯಾರೇದವರಿಗೆ ಕೊಡ್ತೇನಿ" ಅಂತ ಆಕಿ ಗೈಡ್ ಸರ್ ಹೇಳಿಬಿಟ್ರು. ಹುಡುಗಿ ಊಟಾ ಬಿಟ್ಲು.

ದೀಪಾವಳಿ ಮುಗಿದ ಮ್ಯಾಲ ಹಲ್ಲು ತೋರಿಸಾಕ ಧಾರವಾಡಕ್ಕ ಹೋದ ನಾನು ಆಕಿ ಲ್ಯಾಬಿನಾಗ ಹೋಗಿ ಕುಂತೆ. ಕರೆಂಟಿನ ತಕ್ಕಡಿಗೆ ದೊಡ್ಡವರದ ಪಾಳಿ. ಈಕಿಗಿ ಗಾಜಿನ ಪೆಟ್ಟಿಗ್ಯಾಗಿನ ಹಳೇ ತಕ್ಕಡಿ. ಒಂದು ತಟ್ಟ್ಯಾಗ ಸಣ್ಣ ತೂಕದ ಕಲ್ಲು ಇಟ್ಲು, ಇನ್ನೊಂದರಾಗ ನೀರು ಕುಡಿಯೂ ಪುಡಿ ಹಾಕಿದ್ಲು. ಮುಳ್ಳು ನಡುವ ನಿಂತಿತು. ಆಮ್ಯಾಲ ಚಮಚದ ತುದೀಲೆ ಇನ್ನೊಂದೀಟು ಉದುರಿಸಿದ್ಲು.

"ಇಲ್ಲಿ ಯಾವ ಗಿರಾಕಿಗೆ ಕೊಸರು ಹಾಕಿದಿಯವಾ?" ಅಂತ ನಾ ನಕ್ಕೆ.

ಆಕಿ ನಗಲಿಲ್ಲ. "ನಾ ಹಾಕಿದ್ನೇನ್ರಿ?" ಅಂದ್ಲು. ಮತ್ತೊಮ್ಮೆ ತೂಗಿದ್ಲು. ಕೈ ಮತ್ತ ಹಂಗ ಉದುರಿಸಿತು! ಇರೂದ ಒಂದು ಗ್ರಾಂ ಪುಡಿ, ಅದರಾಗ ದಿನಾ ಒಂದೊಂದು ನಮೂನಿ ಚಿಟಿಕಿ. ಎರಡು ವರ್ಷದಾಗ ಮೂವತ್ತೆಂಟು ಸಲ ಸ್ಪಂಜು ಮಾಡಿದ್ದೆಲ್ಲಾ ನೀರಾಗ ಹೋಮ ಆಗಿತ್ತು.

ಆಕಿ ಮುಖಾ ನೋಡಿ ನಾ ಹತ್ರ ಸರದೆ. "ಸುಮ್ನಿರು," ಅಂದೆ, "ಒಂದಕ್ಕೊಂದು ಹೊಂದೂ ಅಂಕಿ ಅಷ್ಟ ಆರಿಸಿ ಬರಿ. ಯಾರಿಗೆ ಗೊತ್ತಾಗತೈತಿ?"

"ಯಾವುದೋ ಸುಟ್ಟ ಕೂಸಿನ ಮೈಮ್ಯಾಲ ಇಡೂದ್ರಿ ವೈನಿ!" ಅಂತ ಚೀರಿದ್ಲು. ಸೀದಾ ಗೈಡ್ ಸರ್ ಖೋಲಿಗೆ ನಡದ್ಲು, ಎಲ್ಲಾ ಹೇಳಿದ್ಲು. ಸರ್ ಟೇಬಲ್ ಗುದ್ದಿದ್ದು ನನಗ ಹೊರಗ ಕೇಳಿಸಿತು. "ಎರಡು ವರ್ಷ ಹಾಳು! ಮಾರ್ಚ್ ಮ್ಯಾಲ ಒಂದು ದಿನಾನೂ ಕೊಡೂದಿಲ್ಲ."

"ಬ್ಯಾಡ್ರಿ ಸರ್. ನಾಕು ತಿಂಗಳು ಸಾಕು," ಅಂದ್ಲು ಈಕಿ.

ಮರುದಿನದಿಂದ ಮುಂಜಾನೆ ಮೊದಲನೇ ಬಸ್ಸಿಗೆ ಹೋಗಾಕ ಹತ್ತಿದ್ಲು. ಐತವಾರ ಅಂಗಡ್ಯಾಗ ಕುಂತು, ಕೈಗೆ ಬುದ್ಧಿ ಬರಲಿ ಅಂತ ಎಲ್ಲಾರಿಗೂ ಸಮಾಸಮಾ ತೂಗಿದ್ಲು. ಹಳೇ ಗಿರಾಕಿ ಲಗಮವ್ವ ಸಕ್ಕರಿ ಚೀಲ ಎತ್ತಿ ನೋಡಿ, "ಓದಿದ ಮ್ಯಾಲ ಕೈ ಬಿಗಿ ಆತಲ್ಲವಾ!" ಅಂತ ಚುಚ್ಚಿದ್ಲು. ಮಾವಗಂತೂ ಸಿಟ್ಟು ನೆತ್ತಿಗೇರಿತು, "ಕೊಸರು ಕೊಟ್ಟು ಲೋಕದಾಗ ಯಾರರ ಫೇಲ್ ಆಗ್ಯಾರೇನು?" ಆಕಿ ಮುಂದಿನ ಗಿರಾಕಿಗೂ ಸಮಾನ ತೂಗಿದ್ಲು.

ಮಾರ್ಚ್ ಇಪ್ಪತ್ತೆಂಟಕ್ಕ ಧಾರವಾಡದಿಂದ ಫೋನ್ ಬಂತು.

"ಮೂರು ದಿನ ಮಾಡಿದ ಮೂರೂ ಸ್ಪಂಜು ಒಂದ ಅಳತಿ ನೀರು ಕುಡದಾವ್ರಿ ವೈನಿ. ಸರ್ ಸಹಿ ಮಾಡಿದ್ರು, ನನ್ನ ಜಾಗಾ ಉಳೀತು."

"ಮೊದಲಿನ ಮೂವತ್ತೆಂಟು?"

"ಅವು ನನ್ನ ಕೈಲೆ ಕೆಟ್ಟಾವಂತ ಲ್ಯಾಬಿನ ಪುಸ್ತಕದಾಗ ಬರದೇನ್ರಿ. ಹೆಂಗ ಕೆಟ್ಟಾವು ಅನ್ನೂದೂ ಬರದೇನಿ. ಕಂಡು ಹಿಡಿದಾಕಿ ನೀವಂತ ನಿಮ್ಮ ಹೆಸರೂ ಹಾಕೇನಿ."

ಮುಚ್ಚಿಡು ಅಂತ ಹೇಳಿದಾಕೀನೂ ನಾನ. ಅದನ್ನ ಮಾತ್ರ ಆಕಿ ಬರದಿರಲಿಲ್ಲ. ಫೋನ್ ಹಿಡಕೊಂಡ ನಿಂತು, ನಾಚಿಕಿ ಆಗಿ ಅತ್ತಬಿಟ್ಟೆ.