ಭಟ್ಟರಿಗೆ ಕೊಡದ ಜಾಗ

ದೆವ್ವ, ಪವಾಡ, ಸೂಚನೆ ಇಂಥದರಲ್ಲಿ ನನಗೆ ಎಂದೂ ನಂಬಿಕೆ ಇರಲಿಲ್ಲ. ಯಂತ್ರದೊಳಗೆ ಯಾರೂ ಹಾಕದೇ ಇದ್ದದ್ದು ಹೊರಗೆ ಬರಲಾರದು ಎಂದು ಕಂಡವರೊಡನೆಲ್ಲ ವಾದಿಸುತ್ತಿದ್ದೆ. ಅದಕ್ಕೇ ಇದನ್ನು ಇಷ್ಟು ವರ್ಷ ಹೇಳಿಕೊಳ್ಳಲಿಲ್ಲ. ನೀವು ನಂಬಲೇಬೇಕೆಂಬ ಹಟವೂ ನನಗಿಲ್ಲ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಧಾರವಾಡದಿಂದ ಬಂದು ಮುಂಬಯಿ ಹತ್ತಿರದ ಠಾಕುರ್ಲಿಯಲ್ಲಿ ಮನೆ ಮಾಡಿದ್ದೆ. ಠಾಣೆ-ಬೇಲಾಪುರ ರಸ್ತೆಯ ಒಂದು ಸಣ್ಣ ಕಂಪ್ಯೂಟರ್ ಕಾರ್ಖಾನೆಯಲ್ಲಿ ಕೆಲಸ. ಯಂತ್ರವನ್ನು ನಡೆಸುವ ಮೂಲ ಪ್ರೋಗ್ರಾಂ, ಅಂದರೆ ಕರ್ನೆಲ್, ಬರೆಯುವವನು ನಾನು. ಯಂತ್ರದೊಳಗಿನ ಸರ್ಕ್ಯೂಟ್ ಬೋರ್ಡುಗಳನ್ನು ಮಾಡುವವರು ಉಡುಪಿ ಕಡೆಯ ಭಟ್ಟರು. ನನಗಿಂತ ಹತ್ತು ವರ್ಷ ದೊಡ್ಡವರು. ಠಾಣೆ ಪಕ್ಕದ ಕಳವಾ ಎಂಬಲ್ಲಿ ಒಂದೇ ಕೋಣೆಯ ಮನೆಯಲ್ಲಿ ಹೆಂಡತಿಯೊಡನೆ ಇದ್ದರು.

ನಮ್ಮ ಹೊಸ ಯಂತ್ರ ಎರಡು ಮೂರು ದಿನಕ್ಕೊಮ್ಮೆ ಸುಮ್ಮನೆ ನಿಂತುಬಿಡುತ್ತಿತ್ತು. ಡಿಸ್ಕಿನ ಕೆಲಸ ಮುಗಿದಾಗ ಭಟ್ಟರ ಬೋರ್ಡು ಕರ್ನೆಲ್‌ಗೆ ಒಂದು ಸಂಕೇತ ಕಳಿಸಬೇಕು. ಅದು ಬರುತ್ತಿಲ್ಲವೆಂದು ನಾನು, ಕಳಿಸುತ್ತಿದ್ದೇನೆಂದು ಅವರು. ಕೊನೆಗೆ ಅವರು ಸಂಕೇತಗಳನ್ನೆಲ್ಲ ದಾಖಲಿಸುವ ಇನ್ನೊಂದು ಬೋರ್ಡು ಮಾಡಿ ತಂದರು. ಆ ದಾಖಲೆಗೆ ಮೆಮೊರಿಯಲ್ಲಿ ಜಾಗ ಬೇಕಿತ್ತು. ಯಂತ್ರ ಶುರುವಾಗುವಾಗಲೇ ಕರ್ನೆಲ್ ಅದನ್ನು ಬದಿಗಿಟ್ಟು, ಬೇರೆ ಯಾವ ಕೆಲಸಕ್ಕೂ ಕೊಡಬಾರದು.

"ಒಟ್ಟಿಗೇ ಇರುವ ಜಾಗ ಬೇಕು ಮಾರಾಯ್ರೆ. ಇಲ್ಲೊಂದಿಷ್ಟು ಅಲ್ಲೊಂದಿಷ್ಟು ಕೊಟ್ರೆ ಆಗುದಿಲ್ಲ, ಬೋರ್ಡಿಗೆ ಹಾರಿ ಹಾರಿ ಬರೀಲಿಕ್ಕೆ ಬರುದಿಲ್ಲ."

"ಇದ್ದ ಮೆಮೊರಿನ ಸಾಲೂದಿಲ್ಲ ಭಟ್ರ. ಮೊದಲ ನಿಮ್ಮ ಬೋರ್ಡ್ ಸರಿ ಮಾಡ್ಕೋರಿ," ಎಂದೆ.

ಜಾಗ ಕಾದಿರಿಸುವುದು ಅರ್ಧ ದಿನದ ಕೆಲಸ. ಆದರೆ ನನ್ನ ಕರ್ನೆಲ್ ಮೇಲೆ ಒಬ್ಬರು ಸಂಶಯಪಟ್ಟದ್ದನ್ನು ನನಗೆ ಸಹಿಸಲಾಗಲಿಲ್ಲ. ತಪ್ಪು ಬೋರ್ಡಿನದೇ ಎಂದು ರಿಪೋರ್ಟ್ ಬರೆದುಕೊಟ್ಟೆ. ಭಟ್ಟರನ್ನು ಕೆಲಸದಿಂದ ತೆಗೆದರು. ತಿಂಗಳೊಳಗೆ ಅವರಿಗೆ ಲಕ್ವ ಹೊಡೆದು ಬಲಭಾಗವೂ ಮಾತೂ ಹೋದವು.

ಅವರ ಜಾಗಕ್ಕೆ ಬಂದವರು ಬೋರ್ಡನ್ನೇ ಬದಲಿಸಿದರು. ಯಂತ್ರ ನಿಲ್ಲುವುದು ನಿಲ್ಲಲಿಲ್ಲ. ಆಗ ನನಗೆ ಅಳುಕು ಹುಟ್ಟಿತು. ಒಂದು ಶನಿವಾರ ಬೆಳಿಗ್ಗೆ ಭಟ್ಟರು ಕೇಳಿದ್ದಷ್ಟು ಜಾಗವನ್ನು ಕರ್ನೆಲ್‌ನಲ್ಲಿ ಕಾದಿರಿಸಿ, ಪೂರ್ತಿ ಸೊನ್ನೆ ತುಂಬಿಸಿದೆ. ಅವರ ದಾಖಲೆ ಬೋರ್ಡು ಬೀರುವಿನಲ್ಲಿತ್ತು. ಊಟ ಮುಗಿಸಿ ಬಂದು ಜೋಡಿಸಿದರಾಯಿತು ಎಂದುಕೊಂಡೆ.

ಊಟದಿಂದ ಬರುವಷ್ಟರಲ್ಲಿ ಯಂತ್ರ ನಿಂತಿತ್ತು. ಕಾದಿರಿಸಿದ ಜಾಗ ಖಾಲಿಯೇ ಇರುತ್ತದೆಂದು ಗೊತ್ತಿದ್ದೂ ಪ್ರಿಂಟ್ ತೆಗೆದೆ. ಖಾಲಿ ಇರಲಿಲ್ಲ. ಭಟ್ಟರು ತಮ್ಮ ನೋಟ್‌ಬುಕ್ಕಿನಲ್ಲಿ ನನಗೆ ತೋರಿಸಿದ್ದ ಕ್ರಮದಲ್ಲೇ, ಸಾಲಾಗಿ, ದಾಖಲೆ ಇತ್ತು. ಕೊನೆಯ ಸಾಲಿನಲ್ಲಿ: ಬೋರ್ಡು ಸಂಕೇತ ಕಳಿಸಿದೆ, ಕರ್ನೆಲ್ ತೆಗೆದುಕೊಂಡಿಲ್ಲ. ಬೀರು ತೆರೆದು ನೋಡಿದೆ. ಬೋರ್ಡು ಅಲ್ಲೇ, ಕಾಗದ ಸುತ್ತಿಕೊಂಡೇ ಇತ್ತು.

ನನ್ನ ಪ್ರೋಗ್ರಾಂ ತೆರೆದು, ಸಂಕೇತ ತೆಗೆದುಕೊಳ್ಳುವ ಭಾಗ ಹುಡುಕಿದೆ. ಎರಡು ಸಾಲು ಹಿಂದೆಮುಂದಾಗಿದ್ದವು. ಸರಿಮಾಡಿದೆ. ಆಮೇಲೆ ವಾರವಿಡೀ ಯಂತ್ರ ಒಮ್ಮೆಯೂ ನಿಲ್ಲಲಿಲ್ಲ. ತಪ್ಪು ನನ್ನದು, ಭಟ್ಟರನ್ನು ವಾಪಸ್ ಕರೆಯಿರಿ, ಆಸ್ಪತ್ರೆ ಖರ್ಚನ್ನಾದರೂ ಕೊಡಿ ಎಂದು ಕಾರ್ಖಾನೆಯ ಸಾಹೇಬರಿಗೆ ಹೇಳಿದೆ. ಯಂತ್ರ ಸರಿಹೋಯಿತಲ್ಲ, ಭಟ್ಟರ ಫೈಲು ಮತ್ತೆ ತೆಗೆಯಬೇಡ ಎಂದರು.

ಮುಂದಿನ ಭಾನುವಾರ ಆ ಪ್ರಿಂಟಿನ ಹಾಳೆ ಹಿಡಿದು ಕಳವಾಕ್ಕೆ ಹೋದೆ. ಭಟ್ಟರು ಎಡಗೈಯಿಂದ ಹಾಳೆ ತೆಗೆದುಕೊಂಡು ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಕೊನೆಯ ಸಾಲಿನಲ್ಲಿ ಬೆರಳು ನಿಂತಿತು. ಮುಖದಲ್ಲಿ ಆಶ್ಚರ್ಯವೇ ಕಾಣಲಿಲ್ಲ.

"ಬೋರ್ಡ್ ಜೋಡಿಸಿರಲಿಲ್ರಿ ಭಟ್ರ. ಇದನ್ನ ಯಾರು ಬರದಾರ?" ಎಂದು ಕೇಳಿದೆ.

ಅವರು ಗೋಡೆಯ ಕಡೆ ತಿರುಗಿದರು. ಹೆಂಡತಿ ಹಾಳೆಯನ್ನು ಮಡಿಸಿ ನನ್ನ ಕೈಗೇ ಕೊಟ್ಟರು. "ಇನ್ನು ಇದನ್ನೆಲ್ಲ ಇಲ್ಲಿಗೆ ತರ್ಬೇಡಿ," ಎಂದರು.

ದೀಪಾವಳಿಗೆ ಮೊದಲೇ ಭಟ್ಟರು ತೀರಿಕೊಂಡರು. ಹಳೆಯ ತಪ್ಪನ್ನೇ ಮತ್ತೆ ಹಾಕಿ, ಬೋರ್ಡಿಲ್ಲದೆ, ಅದೇ ಯಂತ್ರವನ್ನು ನಾನು ಎಷ್ಟೋ ಸಲ ನಿಲ್ಲಿಸಿ ನೋಡಿದೆ. ಪ್ರತಿ ಸಲವೂ ಬಂದದ್ದು ಬರೀ ಸೊನ್ನೆ.