ಮಾಲವ್ವನ ಹಿಂದೆ ಬರುವ ಸ್ಟೆಪ್ನಿ

ಮಾಲವ್ವ ಕಾರು ಕಲಿತದ್ದು ಸಿಟ್ಟಿನಿಂದ. ಹಳಿಯಾಳದಲ್ಲಿ ಒಂದು ಮದುವೆ. ಊಟ ಮುಗಿದು ಬೀಗರೆಲ್ಲ ಹೊರಟರೂ, ಇವರು ಕರೆದುಕೊಂಡು ಹೋಗಿದ್ದ ಬಾಡಿಗೆ ಡ್ರೈವರ್ ಹೋಳಿಗೆ ಹೆಚ್ಚಿಗೆ ತಿಂದು ಚಪ್ಪರದ ಕೆಳಗೆ ಗೊರಕೆ ಹೊಡೆಯುತ್ತಿದ್ದ. ಕಾರಿನ ಮಾಲೀಕರು, ಅಂದರೆ ಮಾಲವ್ವನ ಗಂಡ ಲಗಮಪ್ಪನವರು, ಮುಂದಿನ ಸೀಟಿನಲ್ಲಿ ಗಂಭೀರವಾಗಿ ಕೂತು, ಕಾರು ತಾನೇ ಹೊರಟೀತು ಎಂಬಂತೆ ರಸ್ತೆ ನೋಡುತ್ತಿದ್ದರು.

"ರೀ, ನೀವು ಗಾಡಿ ಹೊಡಿಯೂದು ಯಾವಾಗ ಕಲೀತೀರಿ?"

"ಮಾಲಕರು ಗಾಡಿ ಹೊಡಿಯೂದಿಲ್ಲ. ಹೊಡಸ್ತಾರ."

"ಹಂಗಾರ ನಾ ಹೊಡೀತೇನಿ. ನೀವು ಮಾಲಕರಾಗೇ ಕುಂದರ್ರಿ."

ಮರುವಾರವೇ ಮಾಲವ್ವ ಡ್ರೈವಿಂಗ್ ಸ್ಕೂಲಿಗೆ ಹೆಸರು ಹಚ್ಚಿದರು. ದಾಂಡೇಲಿಯ ಅಂಬೇವಾಡಿಯಲ್ಲಿ ನಮ್ಮ ಓಣಿ ಒಂದಿಷ್ಟು ದಿನ ಮಕ್ಕಳನ್ನೂ ಆಡುಗಳನ್ನೂ ಒಳಗೆ ಕಟ್ಟಿಕೊಂಡಿತು. ಏನೂ ಆಗಲಿಲ್ಲ. ಆದದ್ದೊಂದೇ: ಎಲ್ಲರಿಗೂ ಬುದ್ಧಿ ಹೇಳುತ್ತಿದ್ದ ನಮ್ಮಂಥ ಗಂಡಸರಿಗೆ ಸಂಜೆ ಕಟ್ಟೆಯ ಮೇಲೆ ಮಾತಾಡಲು ವಿಷಯ ಕಡಿಮೆಯಾಯಿತು.

ಬೈಲಹೊಂಗಲದ ಕಡೆಯಿಂದ ಕಾಗದದ ಕಾರ್ಖಾನೆಯ ಕೆಲಸಕ್ಕೆ ದಾಂಡೇಲಿಗೆ ಬಂದಿದ್ದ ಲಗಮಪ್ಪನವರು ಈ ಕಾರು ಕೊಂಡದ್ದು ನಿವೃತ್ತಿಯ ಹೊತ್ತಿಗೆ. ಆಗಲೇ ಅದು ಇಬ್ಬರ ಕೈ ದಾಟಿ ಬಂದಿತ್ತು. ಉದ್ದ ಮೂತಿ, ಉದ್ದ ಡಿಕ್ಕಿ, ಒಂದು ಕಾಲಕ್ಕೆ ಬಿಳಿಯಾಗಿದ್ದ ಬಣ್ಣ. ಲಗಮಪ್ಪನವರಿಗೆ ಅದರಲ್ಲಿ ಕಂಡದ್ದು ಮರ್ಯಾದೆ. ಮಾಲವ್ವನಿಗೆ ಕಂಡದ್ದು ಡಿಕ್ಕಿ. "ಇದರಾಗ ಎಷ್ಟ ರೊಟ್ಟಿ ಹಿಡೀತಾವು?" ಎಂದು ಅವರು ಮೊದಲ ದಿನವೇ ಕೇಳಿದ್ದರಂತೆ. ಆ ಪ್ರಶ್ನೆಯಿಂದಲೇ ಅವರ ಉದ್ಯೋಗ ಹುಟ್ಟಿತು. ಗಣೇಶಗುಡಿಯಲ್ಲಿ ಊರೂರಿನ ಜನ ಬಂದು ಹೊಳೆಯ ನೊರೆಯಲ್ಲಿ ರಬ್ಬರ್ ದೋಣಿ ಹತ್ತುತ್ತಾರೆ, ಕೂಗುತ್ತಾರೆ, ತೊಯ್ಯುತ್ತಾರೆ, ಆಮೇಲೆ ತೋಳದ ಹಸಿವಿನಿಂದ ಊಟಕ್ಕೆ ಬರುತ್ತಾರೆ. ಅವರಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ. ಅಲ್ಲಿ ಹೋಂಸ್ಟೇ ಇಟ್ಟಿರುವ ಮಹಾಬಳೇಶ್ವರ ಪ್ರತಿ ರವಿವಾರದ ಊಟ ಮಾಲವ್ವನಿಗೇ ಹೇಳತೊಡಗಿದ.

ರೊಟ್ಟಿಯ ಜವಾಬ್ದಾರಿ ಮಾಲವ್ವನದು. ಟಾಯರಿನ ಜವಾಬ್ದಾರಿಯನ್ನು ಲಗಮಪ್ಪನವರು ಯಾರೂ ಕೇಳದಿದ್ದರೂ ವಹಿಸಿಕೊಂಡರು.

ಇದಕ್ಕೆ ಅವರ ಹತ್ತಿರ ಒಂದು ಕೋಲಿತ್ತು. ಕಾರ್ಖಾನೆಯಲ್ಲಿ ಆಳೆತ್ತರದ ಕಾಗದದ ಸುರುಳಿಗಳು ಸುತ್ತಿ ಬಂದಾಗ, ಬಿಗಿಯಾಗಿ ಕೂತಿವೆಯೋ ಸಡಿಲವಾಗಿವೆಯೋ ಎಂದು ಕಟ್ಟಿಗೆಯ ಕೋಲಿನಿಂದ ಬಡಿದು ಕಿವಿಗೊಟ್ಟು ಹೇಳುವುದು ಅವರ ಕೆಲಸ. 'ಟಣ್' ಅಂದರೆ ಬಿಗಿ, 'ಬದ್' ಅಂದರೆ ಸಡಿಲ. ಆ ಕಿವಿಗೆ ಕಾರ್ಖಾನೆಯಲ್ಲಿ ಹೆಸರಿತ್ತು, ಸುಳ್ಳಲ್ಲ. ನಿವೃತ್ತಿಯ ದಿನ ಶಾಲು ಹೊದಿಸಿಕೊಂಡು ಬಂದ ಲಗಮಪ್ಪನವರು ಕೋಲನ್ನೂ ತಂದರು. ಅಂದಿನಿಂದ ಬೆಳಗಿನ ಚಹಾ ಆದ ಮೇಲೆ ಕಾರಿನ ಸುತ್ತ ಒಂದು ಪ್ರದಕ್ಷಿಣೆ. ಒಂದೊಂದು ಟಾಯರಿಗೆ ಒಂದೊಂದು ಏಟು. ಓಣಿಗೆಲ್ಲ ಕೇಳುವಂತೆ ತೀರ್ಪು: "ಟಣ್! ಹೋಗಿ ಬಾ, ಏನೂ ಆಗೂದಿಲ್ಲ."

ಟಣ್ ಎನ್ನಬೇಕೆಂದು ಅವರು ಗಾಳಿಯನ್ನು ಬೇಕಾದ್ದಕ್ಕಿಂತ ಹೆಚ್ಚಿಗೆ ಹೊಡೆಸುತ್ತಿದ್ದರು. ಟಾಯರುಗಳು ನಡುವೆ ಮಾತ್ರ ಸವೆದು, ಅಂಚಿನಲ್ಲಿ ಕೂದಲು ಉಳಿದ ಬೋಳುತಲೆಯಂತಾದವು. ಅದು ಹೋಗಲಿ, ಕಾರು ಎಡಕ್ಕೆ ಎಳೆಯುತ್ತದೆ, ಚಕ್ರದ ಅಲೈನ್‌ಮೆಂಟ್ ಮಾಡಿಸೋಣ ಎಂದು ಮಾಲವ್ವ ಹೇಳಿದರೆ, "ರಸ್ತೇನ ಎಡಕ್ಕ ಐತಿ" ಎಂದರು ಲಗಮಪ್ಪನವರು. ಎಡಗಡೆಯ ಮುಂದಿನ ಟಾಯರಿನ ಒಳ ಅಂಚು ಸವೆದು ಒಳಗಿನ ನೂಲು ಕಾಣತೊಡಗಿದಾಗಲೂ ರಸ್ತೆಯದೇ ತಪ್ಪು.

ಇನ್ನು ಸ್ಟೆಪ್ನಿಯ ಕತೆ. ಲಗಮಪ್ಪನವರು ಮೊದಲ ಸಲ ಟಾಯರು ಹಾಕಿಸಿದಾಗ ನಾಲ್ಕರ ಜೊತೆ ಐದನೆಯದನ್ನೂ ಹೊಸದೇ ತಂದಿದ್ದರು. ಆ ವರ್ಷದ ಖಂಡೇನವಮಿಯ ಆಯುಧಪೂಜೆಗೆ ಅದನ್ನು ಡಿಕ್ಕಿಯಿಂದ ಇಳಿಸಿ, ಮಣೆಯ ಮೇಲೆ ಇಟ್ಟು, ಅರಿಷಿಣ ಕುಂಕುಮ ಹಚ್ಚಿ, ಕುಡಗೋಲು, ಪಾನಾ, ಕೋಲುಗಳ ನಡುವೆ ಪೂಜೆ ಮಾಡಿದರು. ಪೂಜೆಯಾದ ಮೇಲೆ ಅದು ಟಾಯರಾಗಿ ಉಳಿಯಲಿಲ್ಲ. ಕೆಳಗಿನ ನಾಲ್ಕು ಸವೆದವು, ಒಡೆದವು, ಬದಲಾದವು. ಸ್ಟೆಪ್ನಿ ಮಾತ್ರ ಪ್ಲಾಸ್ಟಿಕ್ ಹೊದ್ದು ಡಿಕ್ಕಿಯಲ್ಲಿ ಮಲಗಿ, ವರ್ಷಕ್ಕೊಮ್ಮೆ ಎದ್ದು ಕುಂಕುಮ ಹಚ್ಚಿಸಿಕೊಂಡು ಮತ್ತೆ ಮಲಗುತ್ತಿತ್ತು. ಪಂಕ್ಚರ್ ಆದರೆ ಪಂಕ್ಚರಿನವನನ್ನೇ ಕಾರಿದ್ದಲ್ಲಿಗೆ ಕರೆಸುವುದು. "ದೇವರ ಮುಂದಿಂದು ಶೆಗಣ್ಯಾಗ ಹೊಳ್ಳಸ್ತೀಯೇನು?" ಎಂದು ಗಂಡ ಕೇಳಿದರೆ ಯಾವ ಹೆಂಗಸು ಏನು ಹೇಳಬೇಕು?

ಹೀಗೆ ಪಂಕ್ಚರಿನವನ ದಾರಿ ಕಾಯುತ್ತ ಕೂತೇ ಒಂದು ರವಿವಾರ ರೊಟ್ಟಿ ತಡವಾಯಿತು. ಮಹಾಬಳೇಶ್ವರನ ಅತಿಥಿಗಳು ಬಿಸ್ಕೀಟು ತಿಂದು ಮಲಗಿದ್ದರು.

"ಅವ್ವಾರ, ಇನ್ನೊಂದ ಸಲ ಹಿಂಗಾದ್ರ ನಾ ಹಳಿಯಾಳದಿಂದ ಊಟಾ ತರಿಸ್ತೇನಿ. ಸಿಟ್ಟಾಗಬ್ಯಾಡ್ರಿ."

"ಸಿಟ್ಟ್ಯಾಕ? ತರಿಸ್ರಿ, ತಿಂದ ನೋಡ್ರಿ. ಆದ್ರ ಇನ್ನೊಂದ ಸಲ ಹಿಂಗಾಗೂದಿಲ್ಲ."

ಮನೆಗೆ ಬಂದರೆ ಲಗಮಪ್ಪನವರೂ ಒಂದು ಷರತ್ತು ಹಾಕಿದರು. ಮುಂದಿನ ಸಲ ದಾರಿಯಲ್ಲಿ ನಿಂತರೆ ಕಾರು ಮಾರಿಬಿಡುವುದು, ರೊಟ್ಟಿಯೂ ಬಂದ್. "ಊರ ಮುಂದ ನನ್ನ ಗಾಡಿ ಹೆಸರ ಕೆಡಸಬ್ಯಾಡ."

ಹೀಗೆ ಬರುವ ರವಿವಾರದ ಮೇಲೆ ಮಾಲವ್ವನ ಇಡೀ ಉದ್ಯೋಗ ನಿಂತಿತು. ಅಂಥ ವಾರದಲ್ಲೇ ಆ ಎಡಗಡೆಯ ಮುಂದಿನ ಟಾಯರು ತಗ್ಗಿಗೆ ಬಿದ್ದು, ಅದರ ಮಗ್ಗುಲಲ್ಲಿ ಒಂದು ಗುಳ್ಳೆ ಎದ್ದಿತು. ಮಾಲವ್ವನೇ ನೋಡಿದ್ದು.

"ರೊಟ್ಟಿ ಉಬ್ಬಿದ್ರ ಛಲೋ. ಟಾಯರ್ ಉಬ್ಬಿದ್ರ ಛಲೋ ಅಲ್ಲ. ಅಂಗಡ್ಯಾಗ ಹೊಸಾದು ಸೋಮವಾರ ಬರ್ತೈತಂತ. ಅಲ್ಲೀಮಟ ಸ್ಟೆಪ್ನಿ ಹಾಕೂಣು."

ಲಗಮಪ್ಪನವರು ಗುಳ್ಳೆಯ ಪಕ್ಕಕ್ಕೇ ಕೋಲಿನಿಂದ ಬಡಿದರು. "ಟಣ್! ಸ್ಟೆಪ್ನಿ ಸುದ್ದಿ ತಗೀಬ್ಯಾಡ."

ಮಾಲವ್ವ ವಾದ ಮಾಡಲಿಲ್ಲ. ರವಿವಾರ ಬೆಳಿಗ್ಗೆ ರೊಟ್ಟಿಯ ಬುಟ್ಟಿಗಳನ್ನು ಡಿಕ್ಕಿಗೆ ತುಂಬಿ, ಗಂಡನನ್ನು ಪಕ್ಕದಲ್ಲಿ ಕೂಡಿಸಿಕೊಂಡು, ನೆಟ್ಟಗೆ ಹೋಗಿ ಬಸ್ ಸ್ಟ್ಯಾಂಡಿನ ಎದುರು ನಿಲ್ಲಿಸಿ ಸುಮ್ಮನೆ ಕೂತರು.

"ಇಲ್ಲ್ಯಾಕ ನಿಂತಿ?"

"ನಿಂದರ್ರಿ, ಹೋಗೂಣು."

ದಾರಿಯ ಊರೂರಿಗೂ ನಿಂತು, ಗಣೇಶಗುಡಿ ದಾಟಿ ಹೋಗುವ ಜೊಯಿಡಾ ಬಸ್ಸಿನ ಡ್ರೈವರ್ ಚಹಾದ ಲೋಟ ಇಟ್ಟು ಮೇಲೆ ಹತ್ತಿದ್ದು ಕಂಡಿತು. ಆಗ ಮಾಲವ್ವ ಗೇರ್ ಹಾಕಿದರು. ಲಗಮಪ್ಪನವರಿಗೆ ಇದರ ಅರ್ಥ ತಿಳಿಯಲಿಲ್ಲ. ದಾರಿಯುದ್ದಕ್ಕೂ ಹೆಂಡತಿ ಎತ್ತಿನಗಾಡಿಯಷ್ಟು ನಿಧಾನ ಹೋಗುತ್ತಾಳೆಂದು ಗೊಣಗಿದರು. ಒಂದು ಇಳಿಜಾರಿನಲ್ಲಿ ಸೈಕಲ್ಲಿನವನೊಬ್ಬ ಮುಂದೆ ಹೋದಾಗ ಅವರು ಮುಖ ಆ ಕಡೆ ತಿರುಗಿಸಿ ಕಾಡು ನೋಡಿದರಂತೆ. ಈ ವಿವರ ನನಗೆ ಮಾಲವ್ವನಿಂದ ಸಿಕ್ಕದ್ದು. ಲಗಮಪ್ಪನವರ ಪ್ರಕಾರ ಯಾವ ಸೈಕಲ್ಲೂ ಇರಲಿಲ್ಲ.

ಗಣೇಶಗುಡಿ ಇನ್ನೊಂದಿಷ್ಟು ದೂರವಿರುವಾಗ, ಕಾಡಿನ ನಡುವೆ, 'ಢಬ್' ಎಂದಿತು. ಕಾರು ಎಡಕ್ಕೆ ವಾಲಿತು. ನಿಧಾನವಿದ್ದುದರಿಂದ ಮಾಲವ್ವ ಅದನ್ನು ಮಗುವನ್ನು ನಡೆಸಿದಂತೆ ರಸ್ತೆ ಬದಿಗೆ ತಂದು ನಿಲ್ಲಿಸಿದರು. ಇಬ್ಬರೂ ಇಳಿದು ನೋಡಿದರೆ ಗುಳ್ಳೆ ಇದ್ದಲ್ಲಿ ಅಂಗೈ ಹೋಗುವಷ್ಟು ಬಾಯಿ.

ಲಗಮಪ್ಪನವರು ಫೋನ್ ತೆಗೆದು ಆಕಾಶಕ್ಕೆ ಹಿಡಿದರು. ರೇಂಜ್ ಇರಲಿಲ್ಲ. "ಬರ್ತಾರ, ಯಾರರ ಬರ್ತಾರ. ಪಂಕ್ಚರಿನಂವಗ ಹೇಳಿ ಕಳಸೂಣು."

ಮಾಲವ್ವ ಡಿಕ್ಕಿ ತೆರೆದು ಬುಟ್ಟಿಗಳನ್ನು ಒಂದೊಂದಾಗಿ ಹುಲ್ಲಿನ ಮೇಲೆ ಇಳಿಸಿದರು. ಎದುರಿನ ಮರದಲ್ಲಿ ಎರಡು ಮುಸ್ಯಾಗಳು ಬಹಳ ಆಸಕ್ತಿಯಿಂದ ಕೆಳಗಿನ ಕೊಂಬೆಗೆ ಇಳಿದವು. "ಆ ಮಂಗ್ಯಾಗೋಳನ್ನ ನೋಡ್ಕೋರಿ. ನಿಮ್ಮ ಕೋಲಿಗೆ ಒಂದ ಕೆಲಸ ಬಂತು" ಎಂದು ಹೇಳಿ, ಪ್ಲಾಸ್ಟಿಕ್ ಸರಿಸಿ ಸ್ಟೆಪ್ನಿಗೆ ಕೈ ಹಾಕಿದರು.

"ಏ ಮಾಲವ್ವಾ! ಮುಟ್ಟಬ್ಯಾಡ ಅಂದ್ರ..."

"ಮುಟ್ಟೇನಿ. ದೇವ್ರಿಗೆ ನಾ ಉತ್ತರಾ ಕೊಡ್ತೇನಿ. ಮಹಾಬಳೇಶ್ವರಗ ನೀವು ಕೊಡ್ತೀರೇನು?"

ಸ್ಟೆಪ್ನಿ ಹೊರಗೆ ಬಂತು. ಮಾಲವ್ವ ಒದ್ದೆ ಬಟ್ಟೆಯಿಂದ ಅದನ್ನು ಒರೆಸತೊಡಗಿದರು. ವರ್ಷಗಟ್ಟಲೆಯ ಅರಿಷಿಣ ಕುಂಕುಮ ಬಟ್ಟೆಗೆ ಬಂತು. ಆದರೆ ಗೆರೆಗಳು ಹೋಗಲಿಲ್ಲ. ಎಷ್ಟು ತಿಕ್ಕಿದರೂ ಟಾಯರಿನ ಮಗ್ಗುಲ ತುಂಬ ಹಳದಿ ಕೆಂಪು ಗೆರೆಗಳು, ಅಂಗೈಯ ರೇಖೆಗಳ ಹಾಗೆ. ಮಾಲವ್ವ ಉಗುರು ತೂರಿಸಿ ನೋಡಿದರು. ಅವು ಬಿರುಕು. ಪೂಜೆ ಮಾಡಿದಾಗಲೆಲ್ಲ ಕುಂಕುಮ ಅವುಗಳೊಳಗೆ ಇಳಿದು ಕೂತಿತ್ತು. ಒಂದು ಮೈಲಿಯೂ ಓಡದ ಟಾಯರು ಮಲಗಿದಲ್ಲೇ ಮುದಿಯಾಗಿತ್ತು.

ಲಗಮಪ್ಪನವರು ಮುಸ್ಯಾಗಳನ್ನು ಮರೆತು ಬಂದು ಕೋಲಿನಿಂದ ಬಡಿದರು. ಅದು ಎಂದಿಗಿಂತ ಸ್ಪಷ್ಟವಾಗಿ ಟಣ್ ಎಂದಿತು. "ಕೇಳಿದೇನು! ಹಾಕು, ಹಾಕು. ದೇವರು ಕಣ್ಣ ತೆರದಾನ. ಹೊಸಾದ ಐತಿ."

"ಖಡಕ್ ರೊಟ್ಟಿನೂ ಟಣ್ ಅಂತೈತ್ರಿ. ಮಡಚಿದ್ರ ಏನಾಗ್ತೈತಿ?"

ಲಗಮಪ್ಪನವರು ಬಿರುಕಿಗೆ ಬೆರಳು ಹಚ್ಚಿ ನೋಡಿದರು. ಬೆರಳು ಕೆಂಪಾಯಿತು.

"ಇದನ್ನ ಹಾಕಿ ನಾ ಹೋಗೂದಿಲ್ಲ" ಎಂದರು ಮಾಲವ್ವ. "ಇದು ಒಡದ್ರ ರೊಟ್ಟಿನೂ ಇಲ್ಲ, ನೀವೂ ಇಲ್ಲ, ನಾನೂ ಇಲ್ಲ."

"ಮತ್ತ ಆತಲ್ಲ! ನಿಂತ್ವಲ್ಲಾ ದಾರ್ಯಾಗ. ನಾ ಹೇಳೇನಿ, ಗಾಡಿ ಮಾರೂದು, ರೊಟ್ಟಿ ಬಂದ್."

"ಗಾಡಿ ನಿಂತೈತಿ. ನಾ ನಿಂತಿಲ್ಲ. ನನ್ನ ಸ್ಟೆಪ್ನಿ ಹಿಂದ ಬರಾಕತ್ತೈತಿ."

ತಿರುವಿನಲ್ಲಿ ಹಾರ್ನ್ ಕೇಳಿಸಿತು. ಜೊಯಿಡಾ ಬಸ್ಸು. ಲಗಮಪ್ಪನವರಿಗೆ ಆಗ ಬಸ್ ಸ್ಟ್ಯಾಂಡಿನ ಎದುರು ನಿಂತದ್ದರ ಅರ್ಥ ಹೊಳೆಯಿತು. ಮಾಲವ್ವ ರಸ್ತೆಯ ನಡುವೆ ನಿಂತು ಎರಡೂ ಕೈ ಎತ್ತಿದರು. ಡ್ರೈವರ್ ಬ್ರೇಕ್ ಹಾಕಿದ. ಕಂಡಕ್ಟರ್ ದುಂಡೇಶ ಬಾಗಿಲಲ್ಲಿ ಜೋತುಬಿದ್ದು ನೋಡಿದ.

"ಏನವ್ವಾ, ಇಲ್ಲೆ ಯಾವ ಸ್ಟಾಪ್ ಐತಿ?"

"ಇವತ್ತಿಂದ ಐತಿ. ಬುಟ್ಟಿ ಹಿಡಿ."

"ಆಧಾರ್ ಕಾರ್ಡ್ ಐತೇನು?"

"ಐತಿ. ನಂದು ಫ್ರೀ. ರೊಟ್ಟಿಗೂ ಆಧಾರ್ ಕೇಳ್ತಿ ಏನ?"

"ರೊಟ್ಟಿಗೆ ಲಗೇಜ್ ಆಗ್ತೈತಿ."

"ಹರಿ ಟಿಕೀಟು. ಪುಕ್ಕಟ ಬರೂ ರೊಟ್ಟಿ ಅಲ್ಲವು."

ಬಸ್ಸಿನವರೆಲ್ಲ ಕೈ ಹಚ್ಚಿದರು. ಬುಟ್ಟಿಗಳು ಸೀಟಿನ ಕೆಳಗೆ, ತೊಡೆಯ ಮೇಲೆ, ಇಂಜಿನ್ನಿನ ಪಕ್ಕ ಕೂತವು. ಲಗಮಪ್ಪನವರೂ ಒಂದು ಕಾಲು ಮೆಟ್ಟಿಲ ಮೇಲಿಟ್ಟರು.

"ನೀವೆಲ್ಲಿಗೆ? ನೀವು ದೇವರನ್ನ ಕಾಯ್ಕೋತ ಕುಂದರ್ರಿ. ಬರ್ತೇನಿ" ಎಂದರು ಮಾಲವ್ವ. ಬಸ್ಸು ಹೊರಟಿತು.

ಗಣೇಶಗುಡಿಯಲ್ಲಿ ಮಹಾಬಳೇಶ್ವರ ಗೇಟಿನಲ್ಲಿ ನಿಂತಿದ್ದ. ಕಾರಿನ ದಾರಿ ನೋಡುತ್ತಿದ್ದವನ ಮುಂದೆ ಬಸ್ಸು ನಿಂತು, ಕಂಡಕ್ಟರನೇ ಬುಟ್ಟಿ ಹೊತ್ತು ಇಳಿದ. ಹೊಳೆಯಿಂದ ತೊಯ್ದು ಬಂದವರು ಆಗಷ್ಟೇ ಬಟ್ಟೆ ಬದಲಿಸುತ್ತಿದ್ದರು.

"ಅವ್ವಾರ, ಕಾರ ಎಲ್ಲೈತ್ರಿ?"

"ನೀವು ಕಾರ ಕೇಳಿದ್ರೋ, ರೊಟ್ಟಿ ಕೇಳಿದ್ರೋ?"

ಮಹಾಬಳೇಶ್ವರ ಬುಟ್ಟಿಯ ಬಟ್ಟೆ ಸರಿಸಿ ಒಂದು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡ. ಹಳಿಯಾಳದ ಹೆಸರು ಆಮೇಲೆ ಆ ಗೇಟಿನಲ್ಲಿ ಕೇಳಲಿಲ್ಲ.

ಊಟ ಬಡಿಸಿ ಮುಗಿಸಿ, ಮಹಾಬಳೇಶ್ವರನ ಜೀಪಿನಲ್ಲಿ ಪಂಕ್ಚರಿನವನನ್ನೂ ಅವನ ಬಳಿಯಿದ್ದ ಒಂದು ಗಟ್ಟಿ ಹಳೆಯ ಟಾಯರನ್ನೂ ಕೂಡಿಸಿಕೊಂಡು ಮಾಲವ್ವ ಹಿಂದಿರುಗಿದಾಗ ಲಗಮಪ್ಪನವರು ಸ್ಟೆಪ್ನಿಯ ಮೇಲೆ ಕೂತಿದ್ದರು. ದೇವರ ಮೇಲೆ ಹೀಗೆ ಕೂತದ್ದಕ್ಕೆ ಅವರು ಕೊಟ್ಟ ಕಾರಣ ನೆಲ ತೇವವಾಗಿತ್ತು ಎಂಬುದು. ಮಾಲವ್ವ ಅವರಿಗೆಂದು ಕಟ್ಟಿ ತಂದಿದ್ದ ರೊಟ್ಟಿ ಬಿಚ್ಚಿದರು. ತಿನ್ನುವಾಗ ಕಾರು ಮಾರುವ ಮಾತು ಬರಲಿಲ್ಲ.

ಸೋಮವಾರ ಎರಡು ಹೊಸ ಟಾಯರು ಬಂದವು; ಒಂದು ಮುಂದಕ್ಕೆ, ಒಂದು ಸ್ಟೆಪ್ನಿಗೆ. ಅಲೈನ್‌ಮೆಂಟ್ ಆಯಿತು. ಮಾಲವ್ವ ಗಾಳಿಯ ಅಳತೆಯ ಮೀಟರೊಂದನ್ನು ಕೊಂಡು ಕೊರಳಿನ ಕೀಲಿಯ ದಾರಕ್ಕೆ ಕಟ್ಟಿಕೊಂಡರು. ಈ ವರ್ಷದ ಖಂಡೇನವಮಿಗೆ ಪೂಜೆ ನಡೆದದ್ದು ರಸ್ತೆಯ ಮೇಲೆ ನಿಂತ ಕಾರಿಗೆ. ಕೆಸರು ಹತ್ತಿದ ಸ್ಟೆಪ್ನಿಗೂ ಅಷ್ಟೇ ಕುಂಕುಮ. ಅದೂ ಸರದಿಯ ಪ್ರಕಾರ ಎಲ್ಲ ಚಕ್ರಗಳ ಜಾಗದಲ್ಲಿ ಓಡಿ ಬಂದಿತ್ತು.

ಲಗಮಪ್ಪನವರು ಸೋತರೆಂದು ಯಾರೂ ತಿಳಿಯಬಾರದು. ಆ ಹಳೆಯ ಸ್ಟೆಪ್ನಿ ಚೆನ್ನಾಗಿಯೇ ಇತ್ತು, ಹೆಂಗಸರ ಮಾತಿಗೆ ಹಾಕಲಿಲ್ಲ ಎಂದು ಅವರು ಇಂದಿಗೂ ಕಟ್ಟೆಯ ಮೇಲೆ ಸಾಧಿಸುತ್ತಾರೆ. ಕೋಲೂ ಅವರ ಕೈಯಲ್ಲೇ ಇದೆ. ಶನಿವಾರ ಸಂಜೆ ಅಂಗಳದಲ್ಲಿ ಒಣಗಿದ ಖಡಕ್ ರೊಟ್ಟಿಯ ಕಟ್ಟುಗಳ ಮುಂದೆ ಕೂತು, ತುದಿಯಿಂದ ಮೆಲ್ಲಗೆ ಬಡಿದು, ಕಿವಿಗೊಟ್ಟು ಕೇಳುತ್ತಾರೆ. ಬದ್ ಎಂದದ್ದು ಮತ್ತೆ ಹಂಚಿನ ಹತ್ತಿರಕ್ಕೆ, ಟಣ್ ಎಂದದ್ದು ಬುಟ್ಟಿಗೆ. ತಪ್ಪುವುದೇ ಇಲ್ಲ.

"ನಾ ಇಲ್ಲಂದ್ರ ಇವಳ ವ್ಯಾಪಾರ ನಡಿಯೂದಿಲ್ಲ ನೋಡ್ರಿ" ಎನ್ನುತ್ತಾರೆ.

ಒಳಗಿನಿಂದ ಮಾಲವ್ವನ ದನಿ ಬರುತ್ತದೆ: "ಜ್ವಾರ ಬಡೀಬ್ಯಾಡ್ರಿ. ಅವು ಟಾಯರಲ್ಲ, ಮುರೀತಾವು."